ಬೆಂಗೇರಿಯ ಮೂರಡಿ ಬಾವುಟ: ಬಟ್ಟೆಗೆ ಪೂರ್ತಿ ಅಂಕ, ಹಗ್ಗ ನಿಮ್ಮ ಜವಾಬ್ದಾರಿ

ಆಗಸ್ಟ್ ಎರಡನೇ ವಾರ ಸಿಗ್ನಲ್‌ನಲ್ಲಿ ಮಾರುವ ಬಾವುಟವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮೂರೂ ಬಣ್ಣ ಒಂದೇ ಹಾಳೆಯ ಮೇಲೆ ಅಚ್ಚಾಗಿರುತ್ತವೆ, ಹಿಂಬದಿ ಪೇಲವ, ಚಕ್ರದ ಕಡ್ಡಿ ಎಣಿಸುತ್ತ ಹೋದರೆ ಕೆಲವೊಮ್ಮೆ 24 ಮುಟ್ಟುವುದೇ ಇಲ್ಲ. ಆಮೇಲೆ ಹುಬ್ಬಳ್ಳಿ ಬೆಂಗೇರಿಯ ಖಾದಿ ಬಾವುಟ ಕೈಗೆ ತಗೊಳ್ಳಿ. ವ್ಯತ್ಯಾಸ ಮೊದಲು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಆಮೇಲೆ.

ತಯಾರಕರು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು, ಬಾವುಟ ಹೊಲಿಯಲು ಶುರು ಮಾಡಿದ್ದು 2004ರಲ್ಲಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಮಾಣಪತ್ರ ಸಿಕ್ಕಿದ್ದು 2006ರಲ್ಲಿ. ಬಟ್ಟೆ ಬರುವುದು ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ. ಧಾರವಾಡ ತಾಲ್ಲೂಕಿನ ಗರಗದ ಮಗ್ಗಗಳಂತೂ ಇದಕ್ಕೂ ಎಷ್ಟೋ ಮೊದಲಿನಿಂದ ಬಾವುಟದ ಬಟ್ಟೆ ನೇಯ್ದು ಹೆಸರಾದವು. ದೇಶದ ಮಾನಕಗಳ ಪಟ್ಟಿಯಲ್ಲಿ ಒಂದನೇ ನಂಬರು ಬಾವುಟದ್ದೇ, ಐಎಸ್ 1. ಸಿಮೆಂಟು, ಕಬ್ಬಿಣ, ಸ್ಟೋವ್ ಎಲ್ಲ ಆಮೇಲಿನವು.

ಮಾನಕದಲ್ಲಿ ಒಂಬತ್ತು ಅಳತೆಗಳಿವೆ. ಮೇಜಿನ ಮೇಲಿಡುವ 150×100 ಮಿಲಿಮೀಟರ್‌ನಿಂದ ಹಿಡಿದು ಕೋಟೆ ಕೊತ್ತಲಗಳ ಮೇಲೆ ಹಾರಿಸುವ 6300×4200ರ ತನಕ. ಮನೆ, ಶಾಲೆ, ಓಣಿಯ ಸಂಘಕ್ಕೆ ಹೊಂದುವುದು ಎರಡೇ: 900×600, ಅಂದರೆ 3×2 ಅಡಿ, ಇನ್ನೊಂದು 1350×900, ಅಂದರೆ ನಾಲ್ಕೂವರೆ ಬೈ ಮೂರು. ಇಲ್ಲಿ ಹೇಳುತ್ತಿರುವುದು ಮೂರಡಿಯದರ ಬಗ್ಗೆ. ಹತ್ತು ಹನ್ನೆರಡು ಅಡಿ ಎತ್ತರದ ಕಂಬಕ್ಕೆ ಅದು ಸರಿಯಾಗಿ ಕೂಡುತ್ತದೆ. ನಾಲ್ಕೂವರೆಯದಕ್ಕೆ ಹದಿನೈದು ಅಡಿಯಾದರೂ ಬೇಕು. ಕಂಬ ಗಿಡ್ಡವಿದ್ದು ಬಾವುಟ ದೊಡ್ಡದಾದರೆ ಮೋಟು ಗೂಟಕ್ಕೆ ಚಾದರ ಒಣಹಾಕಿದಂತೆ ಕಾಣುತ್ತದೆ.

ಬಿಚ್ಚಿದ ಕೂಡಲೇ ಟೇಪು ಹಿಡಿಯಿರಿ. ಪ್ರತಿ ಪಟ್ಟಿ 200 ಮಿಲಿಮೀಟರ್, ಚಕ್ರದ ಅಡ್ಡಗಲ 185. ಮೂರು ಪಟ್ಟಿಗಳು ಬೇರೆ ಬೇರೆ ಬಣ್ಣ ಕಟ್ಟಿದ ಬಟ್ಟೆಗಳಾಗಿದ್ದು, ಹೊಲಿಗೆಯಿಂದ ಕೂಡಿರಬೇಕು. ಚಕ್ರ ಎರಡೂ ಬದಿಗೆ ಅಚ್ಚಾಗಿದ್ದು ಒಂದರ ಬೆನ್ನಿಗೆ ಒಂದು ನೇರ ಕೂತಿರಬೇಕು. ಕಿಟಕಿಯ ಬೆಳಕಿಗೆ ಎದುರು ಹಿಡಿದಾಗ ಕಡ್ಡಿಗಳು ಜೋಡಿಯಾಗಿ ಕಂಡವೋ, ಅಚ್ಚು ಸರಿದಿದೆ ಎಂದೇ ತಿಳಿಯಿರಿ. ನೂಲು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ ಇದ್ದರೆ ದೂರಬೇಡಿ, ಅದು ಕೈನೂಲಿನ ಗುರುತು. ಉದ್ದಕ್ಕೂ ಒಂದೇ ಸಮ ನುಣ್ಣಗಿದ್ದರೆ ಆಗ ಸಂಶಯ ಪಡಬಹುದು. ಕೋಲಿನ ಬದಿಗೆ ಹೊಲಿದ ಬಿಳಿಬಣ್ಣದ ದಪ್ಪ ಪಟ್ಟಿ ಬೇರೆಯೇ ಖಾದಿ, ಡಕ್ ಎನ್ನುತ್ತಾರೆ. ಸಾಮಾನ್ಯ ನೇಯ್ಗೆಯಲ್ಲಿ ಎರಡು ಎಳೆ ಕೂಡಿದರೆ ಇದರಲ್ಲಿ ಮೂರು. ಈ ಬಾವುಟದ ಅತಿ ಗಟ್ಟಿ ಭಾಗ ಅದೇ. ಅದರೊಳಗೆ ಹಗ್ಗ ಹಾಯುತ್ತದೆ, ಮೇಲ್ತುದಿಗೆ ಮರದ ಸಣ್ಣ ಗೂಟ, ಕೆಳಗೆ ಕುಣಿಕೆ. ಗೂಟವಿರುವ ಕಡೆಯೇ ಕೇಸರಿ ಎಂದು ನೆನಪಿಟ್ಟುಕೊಂಡರೆ ತಲೆಕೆಳಗಾಗುವ ಮಾತೇ ಇಲ್ಲ.

ಬಟ್ಟೆಗೆ ಪೂರ್ತಿ ಅಂಕ ಕೊಡಬಹುದು. ಆದರೆ ಖಾದಿಗೆ ಅದರದೇ ಸ್ವಭಾವವಿದೆ, ಅದನ್ನು ತಿಳಿಯದೆ ಕೊಂಡರೆ ಬೇಸರವಾಗುತ್ತದೆ. ಪಾಲಿಯೆಸ್ಟರ್‌ಗಿಂತ ಭಾರ, ಸಣ್ಣ ಗಾಳಿಗೆ ಹಾರುವುದಿಲ್ಲ, ಕಂಬಕ್ಕೆ ಅಂಟಿ ತೂಗುತ್ತದೆ. ಮಳೆ ನೀರು ಕುಡಿದರೆ ಇನ್ನೂ ಭಾರ. ಆಗಸ್ಟ್ 15 ಬರುವುದೇ ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ. ತೊಯ್ದ ಬಾವುಟವನ್ನು ಮಡಚಿ ಪೆಟ್ಟಿಗೆಗೆ ಹಾಕಿದರೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಕೇಸರಿಯೋ ಹಸಿರೋ ಬಿಳಿ ಪಟ್ಟಿಗೆ ಇಳಿಯುವ ಭಯವೂ ಉಂಟು. ಇಳಿಸಿದ ತಕ್ಷಣ ನೆರಳಲ್ಲಿ ಹರವಿ ಒಣಗಿಸಬೇಕು. ಹಿಂಡಬಾರದು. ಕೊಳೆಯಾದರೆ ತಣ್ಣೀರು, ಸ್ವಲ್ಪ ಮೆತ್ತನೆಯ ಸೋಪು, ಕೈಯಲ್ಲೇ. ಗಂಜಿ ಹಾಕಲೇಬೇಡಿ. ನೆಟ್ಟಗೆ ನಿಲ್ಲಲಿ ಎಂದು ಗಂಜಿ ಹಾಕಿದವರ ಬಾವುಟಕ್ಕೆ ಮುಂದಿನ ಜನವರಿಯೊಳಗೆ ಹುಳ ತೂತು ಮಾಡಿರುತ್ತದೆ.

ಗದಗಿನ ಕಥೆ ಬೇರೆ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನಲ್ಲ. ಅಲ್ಲಿ ಬಾವುಟ ಚೆನ್ನಾಗಿಯೇ ಹಾರುತ್ತದೆ, ಅಷ್ಟೇ ಬೇಗ ಹರಿಯುತ್ತದೆ. ಹರಿಯುವುದು ಹೆಚ್ಚಾಗಿ ಕೋಲಿನಿಂದ ದೂರದ ಅಂಚಿನ ಕೆಳಮೂಲೆಯಿಂದ, ಯಾಕೆಂದರೆ ಚಾಟಿಯ ತುದಿಯಂತೆ ಬಡಿಯುವುದು ಅದೇ ಮೂಲೆ. ಹರಿದ ಅಂಚು ಕತ್ತರಿಸಿ ಮತ್ತೆ ಹೊಲಿದರಾಯಿತು ಎಂದು ದರ್ಜಿ ಹೇಳಬಹುದು. ಹಾಗೆ ಮಾಡಿದರೆ ಮೂರಕ್ಕೆ ಎರಡರ ಅಳತೆ ಕೆಡುತ್ತದೆ, ಚಕ್ರ ನಡುವಿನಿಂದ ಸರಿಯುತ್ತದೆ. ಹರಿದದ್ದನ್ನು ಏರಿಸುವಂತಿಲ್ಲ. ಬಾವುಟ ಬಳಸುವ ನಿಯಮಗಳ ಧ್ವಜ ಸಂಹಿತೆ ಹೇಳುವ ದಾರಿ, ಖಾಸಗಿಯಾಗಿ, ಪೂರ್ತಿಯಾಗಿ, ಗೌರವದಿಂದ ಸುಟ್ಟುಬಿಡುವುದು. ಒರೆಸುವ ಅರಿವೆಯಾಗಬಾರದು.

ಇನ್ನು ಹಗ್ಗ. ‘ಝೇಂಡಾ ಬಿಚ್ಚಲಿಲ್ಲ’ ಎಂಬ ದೂರು ಪ್ರತಿ ವರ್ಷ ಕೇಳಿಬರುತ್ತದೆ. ಮುಖ್ಯ ಅತಿಥಿ ಎಳೆಯುತ್ತಾರೆ, ಗಂಟು ಇನ್ನಷ್ಟು ಬಿಗಿಯುತ್ತದೆ, ಪಿ.ಟಿ. ಮಾಸ್ತರರು ಕಂಬಕ್ಕೆ ಕೈ ಹಾಕುತ್ತಾರೆ. ತಪ್ಪು ಬಾವುಟದ್ದಲ್ಲ. ಹತ್ತಿಯ ಹಗ್ಗ ನೀರು ಕುಡಿದು ಉಬ್ಬುತ್ತದೆ, ಉಬ್ಬಿದ ಗಂಟು ಜಾರುವುದಿಲ್ಲ. ಖಾದಿಯೂ ಒರಟು, ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಒಳಗೆ ಸೇವಂತಿಗೆಯ ಇಡೀ ಹೂವು ತುರುಕಿದ್ದರೆ ಮುಗಿಯಿತು. ಕಂಬದ ಹಗ್ಗ ಆರು ಮಿಲಿಮೀಟರ್ ದಪ್ಪದ ಹೆಣೆದ ನೈಲಾನ್ ಇರಲಿ. ಗಡಗಡಿ ಕೈಯಲ್ಲಿ ತಿರುಗಿಸಿದರೆ ಸದ್ದಿಲ್ಲದೆ ತಿರುಗಬೇಕು. ತುಕ್ಕು ಹಿಡಿದಿದ್ದರೆ ಹಗ್ಗ ಗಾಲಿ ಬಿಟ್ಟು ಪಕ್ಕದ ಸಂದಿಗೆ ಇಳಿಯುತ್ತದೆ, ಬಾವುಟ ಅರ್ಧಕ್ಕೇ ನಿಲ್ಲುತ್ತದೆ. ಅರ್ಧಕ್ಕೆ ನಿಂತರೆ ಅರ್ಥವೇ ಬದಲಾಗುತ್ತದೆ.

ಮಡಚುವ ಬಗೆ ಹೀಗೆ. ಬಾವುಟವನ್ನು ಉದ್ದಕ್ಕೆ ಒಂದು ಗೇಣಗಲದ ಪಟ್ಟಿಯಾಗಿ ಮಡಚಿ. ದೂರದ ಅಂಚಿನಿಂದ ಕೋಲಿನ ಬದಿಗೆ ಸೀರೆಯ ನಿರಿಗೆಯಂತೆ ತನ್ನಿ, ಸುರುಳಿ ಸುತ್ತಬೇಡಿ. ಕೊನೆಯ ನಿರಿಗೆಯಲ್ಲಿ ಒಂದು ಮುಷ್ಟಿ ಒಣ ಎಸಳು, ಅಷ್ಟೇ ಸಾಕು. ರಾಷ್ಟ್ರೀಯ ದಿನಗಳಲ್ಲಿ ಎಸಳು ಹಾಕಲು ಸಂಹಿತೆಯ ಅಡ್ಡಿಯಿಲ್ಲ. ಕೆಳಗಿನ ಹಗ್ಗವನ್ನು ಸಡಿಲವಾಗಿ ಎರಡೇ ಸುತ್ತು ತಂದು, ತುದಿಯನ್ನು ಎಳೆದು ತೂರಿಸದೆ ಮಡಚಿದ ಕುಣಿಕೆಯನ್ನಷ್ಟೇ ಸುತ್ತಿನ ಅಡಿಗೆ ಸಿಕ್ಕಿಸಿ. ಎಳೆಯುವ ಹಗ್ಗ ಜಗ್ಗಿದರೆ ಕುಣಿಕೆ ಜಾರಿ ಬರಬೇಕು. ನೆಲದ ಮೇಲಲ್ಲ, ಇನ್ನೊಬ್ಬರ ಕೈಯಲ್ಲಿ ಹಿಡಿಸಿ ಮೂರು ಸಲ ಪರೀಕ್ಷೆ ಮಾಡಿ. ಇಷ್ಟೆಲ್ಲ ಯಾಕೆ ಎನ್ನುವವರು ಬಿಚ್ಚಿದ ಬಾವುಟವನ್ನೇ ಕೆಳಗಿನಿಂದ ಏರಿಸಲಿ. ಏರಿಸುವಾಗ ಚುರುಕು, ಇಳಿಸುವಾಗ ನಿಧಾನ, ಗಂಟಿನ ಗೊಡವೆಯೇ ಬೇಡ. ಸಣ್ಣ ಶಾಲೆಗಳಿಗೆ ಇದೇ ಒಳ್ಳೆಯದು.

ದಿನಾಲೂ ಮನೆ ಮುಂದೆ ಬಾವುಟ ಹಾರಿಸುವ ಪದ್ಧತಿಗೆ ಅಮೆರಿಕದವರನ್ನು ತೋರಿಸುತ್ತಾರೆ. ಅಲ್ಲಿ ಜಗಲಿಯ ಕಂಬಕ್ಕೆ ಓರೆಯಾಗಿ ಸಿಕ್ಕಿಸಿದ ಬಾವುಟ, ಅದರ ಕೆಳಗೇ ನಿಂತು ಅಕ್ಕಪಕ್ಕದವರಿಗೆ ಗುಡ್ ಮಾರ್ನಿಂಗ್. ನಮ್ಮಲ್ಲೂ ಧ್ವಜ ಸಂಹಿತೆಯ 2022ರ ಜುಲೈ ತಿದ್ದುಪಡಿಯಿಂದ ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು. ಆದರೆ ಅವರು ದಿನಬಳಕೆಗೆ ಹೆಚ್ಚಾಗಿ ಹಾಕುವುದು ನೈಲಾನ್, ಮಳೆ ಬಂದರೆ ಜಾಡಿಸಿದರಾಯಿತು. ಅದೇ ಲೆಕ್ಕದಲ್ಲಿ ಖಾದಿಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಬಿಟ್ಟರೆ ಒಂದು ಮಳೆಗಾಲವೂ ಬಾಳದು. ಓರೆ ಕೋಲಿಗೆ ಹಾಕುವುದಿದ್ದರೆ ಕೇಸರಿ ಕೋಲಿನ ಹೊರತುದಿಗೆ ಬರಬೇಕು. ಗೋಡೆಗೆ ಉದ್ದುದ್ದ ಇಳಿಬಿಟ್ಟರೆ ನೋಡುವವರ ಎಡಕ್ಕೆ ಕೇಸರಿ. ಅಮೆರಿಕದ ಬಾವುಟದ ನಕ್ಷತ್ರದ ಚೌಕವೂ ಹಾಗೆಯೇ ಎಡಕ್ಕೆ. ಮಕ್ಕಳು ಅಲ್ಲಿದ್ದು ಎರಡೂ ಬಾವುಟ ಜೋಡಿಸುವ ಮನೆಗಳಿಗೆ ಒಂದು ಸೂಚನೆ: ಅಲ್ಲಿ 3×5 ಎಂದರೆ ಮೊದಲನೆಯದು ಎತ್ತರ, ಇಲ್ಲಿ 3×2 ಎಂದರೆ ಮೊದಲನೆಯದು ಉದ್ದ. ಅಂಕಿ ನೋಡಿ ಜೋಡಿ ಮಾಡಿದರೆ ಅವರದು ದೊಡ್ಡದಾಗಿ ಬಿಡುತ್ತದೆ.

ಬಟ್ಟೆಯ ವಿಚಾರದಲ್ಲಿ ಎರಡು ದೇಶಕ್ಕೂ ಹತ್ತಿರದ ನಂಟಿದೆ. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ನೀರಿಗೆ ಬಿದ್ದದ್ದು ನಮ್ಮನ್ನಾಳಿದ ಈಸ್ಟ್ ಇಂಡಿಯಾ ಕಂಪನಿಯದೇ ಚಹಾ. ಅದಕ್ಕೂ ಮೊದಲು, 1760ರ ದಶಕದ ಕೊನೆಗೆ, ಬ್ರಿಟಿಷ್ ಮಾಲು ಬೇಡವೆಂದು ಅಲ್ಲಿನ ಹೆಂಗಸರು ಗುಂಪಾಗಿ ಕೂತು ರಾಟೆ ತಿರುಗಿಸಿ ಮನೆಯ ನೂಲಿನ ಬಟ್ಟೆ ಉಟ್ಟರು. ಆದರೆ 1777ರ ಜೂನ್ 14ರ ನಿರ್ಣಯ ಹದಿಮೂರು ಪಟ್ಟೆ, ಹದಿಮೂರು ನಕ್ಷತ್ರ ಎಂದು ಹೇಳಿತೇ ಹೊರತು ಬಟ್ಟೆ ಯಾವುದೆಂದು ಹೇಳಲಿಲ್ಲ. ನಮ್ಮವರು ನೂಲನ್ನೇ ನಿಯಮ ಮಾಡಿದರು. ಅದು ಸಡಿಲವಾದದ್ದು 2021ರ ಡಿಸೆಂಬರ್ 30ರಂದು, ಯಂತ್ರದ ಬಟ್ಟೆಗೂ ಪಾಲಿಯೆಸ್ಟರ್‌ಗೂ ಒಪ್ಪಿಗೆ ಸಿಕ್ಕಾಗ. ಬೆಂಗೇರಿಯ ಬೇಡಿಕೆಗೆ ಹೊಡೆತ ಬಿದ್ದದ್ದು ಆಗಲೇ. ಅಮೆರಿಕದ ಮಿಶಿಗನ್‌ನಲ್ಲಿ ಓದಿ ಬಂದು ಹುಬ್ಬಳ್ಳಿಯಿಂದ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಹಿಂದೂಸ್ತಾನಿ ಸೇವಾದಳ ನಡೆಸಿದ ನಾ. ಸು. ಹರ್ಡೀಕರರು ತಿಂಗಳ ಕೊನೆಯ ಭಾನುವಾರ ಧ್ವಜವಂದನೆ ಎಂಬ ರೂಢಿ ಹಾಕಿದ್ದರು. ಕೊರಡೂರಿನಲ್ಲಿ ಖಾದಿ ಆಶ್ರಮ ಕಟ್ಟಿ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವ ಇದೇ ಸೀಮೆಯವರು. ಹೀಗಾಗಿ ಈ ಭಾಗದವರು ಹೆಚ್ಚು ಹಣ ಕೊಟ್ಟು ಖಾದಿ ಬಾವುಟ ಕೊಳ್ಳುವುದನ್ನು ಬರೀ ಭಾವುಕತೆ ಎನ್ನಲಾಗದು. (ಬೆಳಗಾದರೆ ಗ್ರೂಪಿಗೆ ಬರುವ ‘ಶುಭೋದಯ, ಜೈ ಹಿಂದ್’ ಚಿತ್ರಗಳಲ್ಲಿ ಹದಿನಾರು ಕಡ್ಡಿಯ ಚಕ್ರ ಹಾಕುವವರಿಗೆ ಮಾತ್ರ ಯಾರಾದರೂ ಹೇಳಬೇಕು.)

ಬೆಲೆ ಸಿಗ್ನಲ್ ಬಾವುಟದ ಹಲವು ಪಟ್ಟು. ವರ್ಷಕ್ಕೆ ಎರಡು ಮೂರು ದಿನ ಏರಿಸಿ, ಒಣಗಿಸಿ ಎತ್ತಿಡುವವರಿಗೆ ಅದು ದುಬಾರಿಯಲ್ಲ, ವರ್ಷಗಟ್ಟಲೆ ಬರುತ್ತದೆ. ದಿನಾಲೂ ಏರಿಸುವ ಕಚೇರಿಗೆ ಎರಡಾದರೂ ಬೇಕು, ಒಂದು ಒಣಗುವಾಗ ಇನ್ನೊಂದು. ಕಂಬವಿಲ್ಲದ ಫ್ಲ್ಯಾಟಿನವರು ಮೂರಡಿಯದರ ಆಸೆ ಬಿಟ್ಟು ಮೇಜಿನ ಬಾವುಟ ಒಯ್ಯಲಿ.

ಆಗಸ್ಟ್ ತಿಂಗಳಿಗೆ ಕಾಯಬೇಡಿ. ಜೂನ್‌ನಲ್ಲಿ ಹೋದರೆ ನಿಧಾನವಾಗಿ ಬಿಚ್ಚಿ, ಅಳೆದು, ಬೆಳಕಿಗೆ ಹಿಡಿದು ಆರಿಸಬಹುದು. ಹೋಗುವಾಗ ಟೇಪು ಒಯ್ಯಿರಿ. ಬರುವಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕಂಬದ ಎತ್ತರದ ಎರಡು ಪಟ್ಟಿಗಿಂತ ಮೂರಡಿ ಹೆಚ್ಚು ನೈಲಾನ್ ಹಗ್ಗ ಕತ್ತರಿಸಿಕೊಂಡು, ಎರಡೂ ತುದಿ ಅಲ್ಲೇ ಸುಡಿಸಿಕೊಂಡು ಬನ್ನಿ.