ದಾದರಿನ ಎರಡು ದಿನಗಳ ಕಾನ್ಸೆಪ್ಟ್ ನೋಟ್ ತರಬೇತಿ: ಕೊಟ್ಟ ಹಣಕ್ಕೆ ಸಿಕ್ಕಿದ್ದೆಷ್ಟು?

ಮುಂಬಯಿಯ ದಾದರ್ ಪಶ್ಚಿಮದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ತರಬೇತಿ ಸಂಸ್ಥೆ, ಅನುದಾನ ಬಯಸುವ ಸಂಘ ಸಂಸ್ಥೆಗಳವರಿಗೆ ಶನಿವಾರ ಮತ್ತು ಭಾನುವಾರ ಪರಿಕಲ್ಪನಾ ಟಿಪ್ಪಣಿ, ಅಂದರೆ ಹಣ ಕೇಳುವ ಯೋಜನೆಯ ಸಂಕ್ಷಿಪ್ತ ರೂಪ, ಬರೆಯುವುದನ್ನು ಕಲಿಸುತ್ತದೆ. ಕಚೇರಿಗಳಲ್ಲಿ ಎಲ್ಲರೂ ಕಾನ್ಸೆಪ್ಟ್ ನೋಟ್ ಎನ್ನುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಶುಲ್ಕ ತಲೆಗೆ 3,500 ರೂಪಾಯಿ. ಎರಡು ದಿನಗಳ ತರಗತಿ, ಮಧ್ಯಾಹ್ನದ ಊಟ ಮತ್ತು ತರಗತಿ ಮುಗಿದ ಬಳಿಕ ನಮ್ಮ ಕರಡನ್ನು ಎರಡು ಸಲ ಓದಿ ತಿದ್ದಿಕೊಡುವ ಸೇವೆ ಅದರಲ್ಲಿ ಸೇರಿವೆ. ನಮ್ಮ ಕನ್ನಡ ಸಂಘದ ಪರವಾಗಿ ನಾನೂ ಕೋಶಾಧಿಕಾರಿಯವರೂ ಹೋಗಿದ್ದೆವು. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬಿಟ್ಟು ಬರೆಯುತ್ತಿದ್ದೇನೆ.

ನಾವು ಹಿಡಿದುಕೊಂಡು ಹೋಗಿದ್ದ ಯೋಜನೆ ಇದು: ಫೋರ್ಟ್ ಪರಿಸರದ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲು ಹೋಟೆಲು ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪಾಠಕ್ಕೆ ಕೂತವರ ನೆನಪುಗಳನ್ನು ಧ್ವನಿಮುದ್ರಿಸಿ, ಉಳಿದಿರುವ ಹಾಜರಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಸಂಶೋಧಕರಿಗೆ ಒದಗುವಂತೆ ಇಡುವುದು. ಕರಡು ಆರು ಪುಟವಿತ್ತು. ‘ಮುಂಬಯಿ ಮಹಾನಗರವು ಕನ್ನಡಿಗರ ಕರ್ಮಭೂಮಿಯಾಗಿದೆ’ ಎಂದು ಶುರುವಾಗಿ, ಸಂಘದ ಹಿರಿಮೆ, ಹಿಂದಿನ ಅಧ್ಯಕ್ಷರ ಸೇವೆ, ನಡೆಸಿದ ಉತ್ಸವಗಳೆಲ್ಲವನ್ನೂ ದಾಟಿ ನಾಲ್ಕನೆಯ ಪುಟದಲ್ಲಿ ರಾತ್ರಿಶಾಲೆಗೆ ಬಂದು ತಲುಪುತ್ತಿತ್ತು. ಸ್ಮರಣ ಸಂಚಿಕೆಗೆ ಬರೆದು ಬರೆದು ಪಳಗಿದ ಕೈಗೆ ಇದಕ್ಕಿಂತ ಬೇರೆ ದಾರಿ ಹೊಳೆದಿರಲಿಲ್ಲ.

ಮೊದಲ ದಿನದ ಬೆಳಗಿನ ಪಾಠ ಸಾಧಾರಣವಾಗಿತ್ತು. ಕಾನ್ಸೆಪ್ಟ್ ನೋಟ್ ಎರಡರಿಂದ ಐದು ಪುಟಗಳೊಳಗೆ ಇರಬೇಕು, ಪೂರ್ಣ ಪ್ರಸ್ತಾವನೆಗೆ ಮುಂಚೆ ಅದನ್ನು ಕಳಿಸುತ್ತಾರೆ, ಸಮಸ್ಯೆ, ಗುರಿ, ವಿಧಾನ, ಅವಧಿ, ಅಂದಾಜು ವೆಚ್ಚ, ಸಂಸ್ಥೆಯ ಪರಿಚಯ ಅದರಲ್ಲಿರಬೇಕು ಎಂಬುದನ್ನು ಸ್ಲೈಡುಗಳಲ್ಲಿ ಓದಿ ಹೇಳುವುದಕ್ಕೆ ಒಂದೂವರೆ ಗಂಟೆ ಬೇಕಿರಲಿಲ್ಲ. ಇಷ್ಟನ್ನು ಮನೆಯಲ್ಲಿ ಕೂತು ಯಾರೂ ತಿಳಿದುಕೊಳ್ಳಬಹುದು.

ಚಹಾ ವಿರಾಮದ ನಂತರ ತರಗತಿಯ ಚಹರೆಯೇ ಬದಲಾಯಿತು. ತರಬೇತುದಾರರು ಹಿಂದೆ ಕಂಪನಿಯೊಂದರ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಗಳಿಗೆ ಹಣ ಕೊಡುವ ಹೊಣೆ) ವಿಭಾಗದಲ್ಲಿ ಇಂಥ ಅರ್ಜಿಗಳನ್ನು ಓದಿ ಆರಿಸುವ ಕೆಲಸದಲ್ಲಿದ್ದ ಮರಾಠಿ ಮಹಿಳೆ. ಎಲ್ಲರ ಕರಡುಗಳನ್ನೂ ಮೇಜಿನ ಮೇಲೆ ಹರಡಿಸಿ, ಪೆನ್ಸಿಲ್ ಹಿಡಿದು ಒಂದೊಂದನ್ನೇ ನಮ್ಮೆದುರಿಗೇ ಓದತೊಡಗಿದರು. ನಮ್ಮದರ ಮೊದಲ ಪುಟಕ್ಕೆ ಮೂಲೆಯಿಂದ ಮೂಲೆಗೆ ಒಂದು ಗೀಟು ಬಿತ್ತು. ಎರಡನೆಯದಕ್ಕೂ ಬಿತ್ತು. ಆಮೇಲೆ ತಲೆಯೆತ್ತಿ, ಈ ಕೆಲಸವನ್ನು ಐದು ವರ್ಷ ಬಿಟ್ಟು ಮಾಡಿದರೆ ಏನು ನಷ್ಟ ಎಂದು ಹಿಂದಿಯಲ್ಲಿ ಕೇಳಿದರು. ನಾನು ಸಾಂಸ್ಕೃತಿಕ ಪರಂಪರೆಯ ಬಗ್ಗೆ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೋಶಾಧಿಕಾರಿಯವರು, ‘ಐದು ವರ್ಷ ಬಿಟ್ಟರೆ ಹೇಳುವವರೇ ಇರುವುದಿಲ್ಲ ಮೇಡಂ’ ಎಂದುಬಿಟ್ಟರು. ಆಕೆ ಪೆನ್ಸಿಲನ್ನು ಅವರ ಕೈಗೇ ಕೊಟ್ಟು, ಅದನ್ನೇ ಮೊದಲ ವಾಕ್ಯವಾಗಿ ಬರೆಯಿರಿ ಎಂದರು.

ಶುಲ್ಕದ ಮುಕ್ಕಾಲು ಪಾಲು ನನ್ನ ಲೆಕ್ಕದಲ್ಲಿ ಆ ಒಂದು ಪ್ರಶ್ನೆಗೇ ಸಂದಿತು. ಸಮಸ್ಯೆಯ ವಿವರಣೆಯಲ್ಲಿ ವಿಷಯ ಎಷ್ಟು ದೊಡ್ಡದು ಎಂದು ಸಾರುವುದಕ್ಕಿಂತ, ಯಾರಿಗೆ, ಎಲ್ಲಿ, ಯಾವಾಗ ಏನು ಕೈತಪ್ಪುತ್ತಿದೆ ಎಂದು ತೋರಿಸಬೇಕು ಎಂಬುದನ್ನು ಸ್ಲೈಡು ಹೇಳಿತ್ತು, ಆದರೆ ನಮಗೆ ಹತ್ತಿದ್ದು ಪೆನ್ಸಿಲಿನಿಂದ. ‘ಮುಂಬಯಿ ಕನ್ನಡಿಗರ ಇತಿಹಾಸ’ ಎಂಬ ಹರವು ‘ಎಪ್ಪತ್ತೈದು ದಾಟಿದ 40 ಮಂದಿ ಹಳೆಯ ವಿದ್ಯಾರ್ಥಿಗಳು, 12 ತಿಂಗಳು’ ಎಂಬ ಅಳತೆಗೆ ಇಳಿಯಿತು.

ಮಧ್ಯಾಹ್ನದ ಪಾಠ ಗುರಿಗೂ ಚಟುವಟಿಕೆಗೂ ಇರುವ ವ್ಯತ್ಯಾಸದ ಬಗ್ಗೆ ಇತ್ತು. ‘ಸಂದರ್ಶನ ನಡೆಸುವುದು’ ಎಂದು ನಾವು ಗುರಿಗಳ ಪಟ್ಟಿಯಲ್ಲಿ ಬರೆದಿದ್ದೆವು. ಅದು ಕೆಲಸವೇ ಹೊರತು ಗುರಿಯಲ್ಲ. ಸಂದರ್ಶನ ಮುಗಿದ ಮೇಲೆ ಯಾರ ಕೈಗೆ ಏನು ಬರುತ್ತದೆ ಎಂಬುದು ಗುರಿ. ಇನ್ನೊಂದು ಸಾಲಿನಲ್ಲಿ ‘ಯುವ ಪೀಳಿಗೆಯಲ್ಲಿ ಜಾಗೃತಿ ಮೂಡಿಸುವುದು’ ಎಂದಿತ್ತು. ಜಾಗೃತಿ ಮೂಡಿತೆಂದು ವರ್ಷದ ಕೊನೆಗೆ ಯಾವ ಕಾಗದ ತೋರಿಸುತ್ತೀರಿ ಎಂದು ಕೇಳಿದಾಗ ಇಡೀ ತರಗತಿ ತಂತಮ್ಮ ಕರಡಿನಲ್ಲಿ ಅದೇ ಪದವನ್ನು ಹುಡುಕತೊಡಗಿತು, ಸಿಗದವರು ಇಬ್ಬರೇ. ಇಲ್ಲಿಂದ ಲಾಗ್‌ಫ್ರೇಮ್ ಕಡೆಗೆ ಹೊರಳಿದ್ದು ಸರಾಗವಾಗಿತ್ತು. ಅಮೆರಿಕದ ವಿದೇಶಿ ನೆರವಿನ ಸಂಸ್ಥೆಯಾಗಿದ್ದ ಯುಎಸ್‌ಎಯ್ಡ್‌ಗಾಗಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಕೋಷ್ಟಕದಲ್ಲಿ ಒಂದು ಬದಿಗೆ ಗುರಿಯಿಂದ ಚಟುವಟಿಕೆಯವರೆಗಿನ ಮೆಟ್ಟಿಲುಗಳಿದ್ದರೆ, ಅವುಗಳ ಎದುರಿಗೆ ಸೂಚಕ, ಪುರಾವೆ ಮತ್ತು ನಾವು ನಂಬಿಕೊಂಡಿರುವ ಊಹೆಗಳನ್ನು ತುಂಬಬೇಕು. ಕಾನ್ಸೆಪ್ಟ್ ನೋಟಿನಲ್ಲಿ ಇಡೀ ಕೋಷ್ಟಕ ಹಾಕುವ ಅಗತ್ಯವಿಲ್ಲದಿದ್ದರೂ ಮನಸ್ಸಿನಲ್ಲಿ ಒಮ್ಮೆ ತುಂಬಿ ನೋಡಿದರೆ ಪೊಳ್ಳು ಸಾಲುಗಳು ತಾವಾಗಿ ಉದುರುತ್ತವೆ. ‘ಊಹೆ’ಯ ಮನೆಯಲ್ಲಿ ನಾವು ಬರೆದದ್ದು: ಹಿರಿಯರು ಮಾತಾಡಲು ಒಪ್ಪುತ್ತಾರೆ. ಒಪ್ಪುತ್ತಾರೆಯೇ ಎಂದು ನಾವು ಅಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ!

ಎರಡನೆಯ ದಿನದ ಹಣಕಾಸಿನ ಭಾಗದ ಬಗ್ಗೆ ನನ್ನ ತಕರಾರಿದೆ. ಬೇರೆ ಉಪನ್ಯಾಸಕರು ಬಂದು ಒಂದು ಗಂಟೆಯಲ್ಲಿ ಓಡಿಸಿದರು. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿ ಶೇಕಡಾ 50 ಎಂದು ಅವರ ಸ್ಲೈಡಿನಲ್ಲಿತ್ತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಆ ಮಿತಿ ಶೇಕಡಾ 20ಕ್ಕೆ ಇಳಿದಿದೆ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕೋಶಾಧಿಕಾರಿಯವರು ಎದ್ದು ಹೇಳಿದ ಮೇಲೆ ‘ಹೌದು ಹೌದು, ಸ್ಲೈಡು ಹಳೆಯದು’ ಎಂಬ ಉತ್ತರ ಬಂತು. ಹಣ ಕೊಟ್ಟು ಬಂದವರಿಗೆ ಹಳೆಯ ಸ್ಲೈಡು ತೋರಿಸುವುದು ಸಣ್ಣ ತಪ್ಪಲ್ಲ. ಇನ್ನೊಂದು ಗೊಂದಲವನ್ನು ಉಪನ್ಯಾಸಕರು ಬಿಡಿಸಲೇ ಇಲ್ಲ. ಸಿಎಸ್‌ಆರ್ ನಿಯಮಗಳಲ್ಲಿರುವ ಶೇಕಡಾ 5ರ ಆಡಳಿತ ವೆಚ್ಚದ ಮಿತಿ, ಕಂಪನಿಯು ತನ್ನ ಸಿಎಸ್‌ಆರ್ ವ್ಯವಹಾರ ನೋಡಿಕೊಳ್ಳಲು ಮಾಡುವ ಖರ್ಚಿಗೆ ಹಾಕಿದ್ದು. ಯೋಜನೆಯನ್ನು ರೂಪಿಸಿ ನಡೆಸುವ ನೇರ ಖರ್ಚು ಅದರೊಳಗೆ ಬರುವುದಿಲ್ಲ. ಇದನ್ನು ಬಿಡಿಸಿ ಹೇಳದ್ದರಿಂದ ಪಕ್ಕದಲ್ಲಿ ಕೂತಿದ್ದ ಠಾಣೆಯ ಸಂಸ್ಥೆಯೊಂದರ ಹುಡುಗ, ಕ್ಷೇತ್ರಕಾರ್ಯಕರ್ತರ ಸಂಬಳವನ್ನೂ ಐದು ಪ್ರತಿಶತದೊಳಗೆ ತುರುಕಲು ಹೆಣಗುತ್ತಿದ್ದ.

ಅದೇ ಉಪನ್ಯಾಸದಲ್ಲಿ ಉಪಯೋಗಕ್ಕೆ ಬಂದ ಮಾತುಗಳೂ ಇದ್ದವು ಎಂಬುದನ್ನು ಮುಚ್ಚಿಡಬಾರದು. 2013ರ ಕಂಪನಿ ಕಾಯ್ದೆಯ 135ನೆಯ ವಿಧಿಯಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಕಂಪನಿಗೆ ಸಿಎಸ್‌ಆರ್ ಹೊಣೆ ಬರುತ್ತದೆ. ಆದರೆ ಕಂಪನಿಯು ಅದೇ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಹೇಳಿದ ವಿಷಯಗಳಿಗೇ ಖರ್ಚು ಮಾಡಬೇಕು. ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಆ ಪಟ್ಟಿಯಲ್ಲಿರುವುದರಿಂದ ನಮ್ಮ ಯೋಜನೆ ಅಲ್ಲಿ ಕೂರುತ್ತದೆ. ಯಾವ ಅಂಶದಡಿ ಎಂದು ಟಿಪ್ಪಣಿಯಲ್ಲೇ ಒಂದು ಸಾಲು ಬರೆದರೆ ಓದುವವರ ಕೆಲಸ ಹಗುರವಾಗುತ್ತದೆ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣದಲ್ಲಿ ಕೆಲಸ ಮಾಡುವ ಸಂಸ್ಥೆಗೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿಯೂ ಬೇಕಾಗಿದ್ದು, ನಮ್ಮಂಥ ಸಂಘಗಳು ಅದಕ್ಕೆ 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಕಾಗದಗಳನ್ನು ಸರಿಯಾಗಿ ಇಟ್ಟುಕೊಂಡಿರಬೇಕು. ನಮ್ಮ 80ಜಿ ಪತ್ರ ಯಾರ ಕಪಾಟಿನಲ್ಲಿದೆ ಎಂದು ಪತ್ತೆ ಹಚ್ಚುವುದಕ್ಕೆ ಮರುವಾರ ಪೂರ್ತಿ ಹಿಡಿಯಿತು.

ಸಂಶೋಧನೆಗೆ ಹಣ ಹುಡುಕುವವರು ಈ ತರಬೇತಿಗೆ ಹೋಗುವ ಮೊದಲು ಎರಡು ಸಲ ಯೋಚಿಸಬೇಕು. ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಿಂದ ಬಂದಿದ್ದ ವಿದ್ಯಾರ್ಥಿನಿಗೆ ಬೇಕಾಗಿದ್ದದ್ದು ಸಂಶೋಧನಾ ಪ್ರಶ್ನೆಯನ್ನು ಹೇಗೆ ಕಟ್ಟುವುದು, ಈವರೆಗಿನ ಅಧ್ಯಯನಗಳು ಎಲ್ಲಿ ನಿಂತಿವೆ ಎಂದು ಅರ್ಧ ಪುಟದಲ್ಲಿ ಹೇಗೆ ಹೇಳುವುದು, ಮಾದರಿಯ ಆಯ್ಕೆಯನ್ನು ಹೇಗೆ ಸಮರ್ಥಿಸುವುದು ಎಂಬುದು. ಆಕೆಗೆ ಸಿಕ್ಕಿದ್ದು ಒಂದೇ ಸ್ಲೈಡು. ಪ್ರಕಟಣೆಯಲ್ಲಿ ‘ಸಂಶೋಧನೆ ಹಾಗೂ ಯೋಜನೆ’ ಎಂದು ದೊಡ್ಡದಾಗಿ ಅಚ್ಚು ಹಾಕಿಸಿದವರು ಇಷ್ಟಕ್ಕೆ ನಿಲ್ಲಿಸಿದ್ದು ಸರಿಯಲ್ಲ.

ಪಾಠ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ನಡೆಯುತ್ತದೆ, ಮಾದರಿಗಳೆಲ್ಲ ಇಂಗ್ಲಿಷಿನವು. ಆದರೂ ತರಬೇತುದಾರರು ಕೊಟ್ಟ ಮನೆಗೆಲಸ ನಮಗೆ ಒಗ್ಗಿತು: ಟಿಪ್ಪಣಿಯನ್ನು ನಿಮ್ಮ ಭಾಷೆಯಲ್ಲಿ ಬರೆದು, ವಿಷಯ ಗೊತ್ತಿಲ್ಲದ ಮನೆಯವರೊಬ್ಬರಿಗೆ ಓದಿ ಹೇಳಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಕೋಶಾಧಿಕಾರಿಯವರು ಶನಿವಾರ ರಾತ್ರಿ ಉಡುಪಿಯಲ್ಲಿರುವ ತಮ್ಮ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದರಂತೆ. ‘ಹಣ ಎಂತಕ್ಕೆ ಅಂತ ಕಡೆಗೆ ಹೇಳಿದ್ಯಲ್ಲ ಮಾರಾಯ, ಮೊದಲೇ ಹೇಳಬಾರದಾ?’ ಎಂದರಂತೆ ಆಕೆ. ಭಾನುವಾರ ಬೆಳಿಗ್ಗೆ ಮಾಟುಂಗಾದಲ್ಲಿ ಕಾಫಿ ಕುಡಿಯುತ್ತ ನಾವು ಬೇಡಿಕೆಯ ಮೊತ್ತವನ್ನು ಎರಡನೆಯ ಪ್ಯಾರಾಕ್ಕೆ ಏರಿಸಿದೆವು.

ಕರಡು ತಿದ್ದಿಕೊಡುವ ಸೇವೆ ಏಳು ದಿನಗಳಲ್ಲಿ ಎಂದು ಹೇಳಿದ್ದರು. ಮೊದಲನೆಯದು ಹತ್ತೊಂಬತ್ತನೆಯ ದಿನ, ಎರಡು ಫೋನು, ಒಂದು ಮೇಲ್ ಆದ ಮೇಲೆ ಬಂತು. ಬಂದದ್ದು ಮಾತ್ರ ಜಾಗ್ರತೆಯಿಂದ ಓದಿದ ಪ್ರತಿ. ಆರು ಪುಟ ಎರಡೂವರೆಗೆ ಇಳಿದಿತ್ತು. ಸ್ಕ್ಯಾನಿಂಗ್ ವೆಚ್ಚದ ಎದುರು ‘ಪುಟಕ್ಕೆ ಎಷ್ಟು? ದರಪಟ್ಟಿ ತರಿಸಿ’ ಎಂದಿತ್ತು. ಧ್ವನಿಮುದ್ರಣಕ್ಕೆ ಲಿಖಿತ ಒಪ್ಪಿಗೆ ಪಡೆಯುವ ಬಗ್ಗೆ ನಾವು ಒಂದು ಮಾತನ್ನೂ ಬರೆದಿಲ್ಲ ಎಂಬುದನ್ನು ಕಂಡುಹಿಡಿದಿದ್ದರು. ಸ್ವಂತ ಕರಡು ಕೈಯಲ್ಲಿ ಇರುವವರು ಹೋಗಬಹುದು, ಬರಿಗೈಯಲ್ಲಿ ಹೋದವರಿಗೆ ಸ್ಲೈಡುಗಳಷ್ಟೇ ದಕ್ಕುತ್ತವೆ. ಎರಡನೆಯ ಓದಿನ ಪ್ರತಿ ಹೋದ ಬುಧವಾರ ಬಂತು. ಅದರಲ್ಲಿ ಇದ್ದದ್ದು ಒಂದೇ ಗುರುತು. 40 ಹೆಸರುಗಳನ್ನು ನಾವು ಅಕಾರಾದಿಯಾಗಿ ಜೋಡಿಸಿದ್ದೆವು, ಅಂಚಿನಲ್ಲಿ ಪೆನ್ಸಿಲಿನಿಂದ ‘ವಯಸ್ಸಿನ ಪ್ರಕಾರ’ ಎಂದು ಬರೆದಿದ್ದರು.