ಗಿಟಾರ್ ಅಲ್ಲ, ಮೊದಲು ಆಂಪ್ ನೋಡಿ
ಹೊಸ ಬೇಸ್ (ತಗ್ಗಿನ ಸ್ವರದ ಗಿಟಾರ್) ತಂದು ಮನೆಯಲ್ಲಿದ್ದ ಮಾಮೂಲಿ ಗಿಟಾರ್ ಆಂಪಿಗೆ, ಅಂದರೆ ದನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆಗೆ, ಹಾಕಿದೆ. ಕೆಳಗಿನ ಇ ತಂತಿ, ಅಂದರೆ ಸುಮಾರು 41 ಹರ್ಟ್ಜ್, ಬರೀ ಗೊರಗೊರ. ದುಡ್ಡೆಲ್ಲ ಗಿಟಾರಿಗೇ ಸುರಿದಿದ್ದೆ ನೋಡಿ! ಆಮೇಲೆ ಫೆಂಡರ್ ರಂಬಲ್ 40 ಅನ್ನೋ ಬೇಸ್ ಆಂಪ್ ತಗೊಂಡೆ. 40 ವಾಟ್, 10 ಇಂಚಿನ ಸ್ಪೀಕರ್, ಒಂದೇ ಕೈಯಲ್ಲಿ ಎತ್ತಬಹುದು, ರಾತ್ರಿ ಹೆಡ್‌ಫೋನ್ ಹಾಕಿಕೊಂಡರೆ ಪಕ್ಕದ ಮನೆಯವರಿಗೂ ನೆಮ್ಮದಿ. ಜೋರು ಡ್ರಮ್ಸ್ ಜೊತೆ ಮಾತ್ರ ಸಾಲದು.

ನಾನು ತಂದ ಗಿಟಾರ್ ಸ್ಕ್ವಯರ್ ಕಂಪನಿಯ ಜಾಝ್ ಬೇಸ್ ಅನ್ನೋ ಮಾದರಿ. ನೆಕ್ ಸಪೂರ, ನನ್ನ ಗಿಡ್ಡ ಬೆರಳಿಗೆ ಒಗ್ಗಿತು. ತಂತಿಯ ದನಿ ಹಿಡಿಯುವ ಎರಡು ಪಿಕಪ್‌ಗಳಲ್ಲಿ ಒಂದರ ವಾಲ್ಯೂಮ್ ಮಾತ್ರ ಏರಿಸಿದರೆ ಗುಯ್ ಅನ್ನುತ್ತದೆ, ಎರಡನ್ನೂ ಸಮ ಇಟ್ಟರೆ ಸುಮ್ಮನಾಗುತ್ತದೆ. ಜಾಝ್ ಬೇಸ್ ಅಂದ್ರೆ ಹಾಗೇ ಅಲ್ವಾ. ಅಂಗಡಿಯವರು ‘ಸೆಟಪ್ ಆಗಿದೆ ಸಾರ್’ (ತಂತಿಯ ಎತ್ತರವೆಲ್ಲ ಸರಿಮಾಡಿದೆ) ಅಂದಿದ್ದರು, ಮನೆಯಲ್ಲಿ ನೋಡಿದರೆ 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ಹತ್ತಿರ ತಂತಿ ಕೆಳಗೆ ಪೆನ್ಸಿಲ್ ತೂರುತ್ತಿತ್ತು. ಕೊನೆಗೆ ಅಲೆನ್ ಕೀ ಹಿಡಿದು ನಾನೇ ತಂತಿ ಇಳಿಸಿದೆ.