ಇಪ್ಪತ್ತೈದು ನಿಮಿಷಗಳ ಕಂತು: ವಿಮಾನ ಸಂಸ್ಥೆಗಳ ಒಳಿತು, ಕೆಡುಕು

ವಿಮಾನ ತಡವಾಗಿ ಹೊರಡುವುದನ್ನು ದೋಷವೆಂದು ಎಣಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಮೋಡ ಕವಿದರೆ, ಡಿಸೆಂಬರ್–ಜನವರಿಯ ಬೆಳಗಿನಲ್ಲಿ ದೇವನಹಳ್ಳಿಯನ್ನು ಮಂಜು ಮುಚ್ಚಿದರೆ ಯಾವ ಸಂಸ್ಥೆ ತಾನೇ ಏನು ಮಾಡೀತು? ಆದರೆ ತಡವಾಗುತ್ತದೆಂದು ತನಗೆ ಗೊತ್ತಾದ ಕೂಡಲೇ ಪ್ರಯಾಣಿಕರಿಗೆ ಹೇಳುವ ಸಂಸ್ಥೆಗಳಿವೆ, ಗೊತ್ತಿದ್ದೂ ಬಾಯಿ ಬಿಡದವೂ ಇವೆ. ಪುತ್ತೂರಿನ ಮನೆಗೂ ಬೆಂಗಳೂರಿನ ಕೆಲಸಕ್ಕೂ ನಡುವೆ ವರ್ಷಕ್ಕೆ ಏಳೆಂಟು ಬಾರಿ, ಅದಲ್ಲದೆ ಕಚೇರಿಯ ಕೆಲಸಕ್ಕೆಂದು ದೇಶದೊಳಗೂ ಹೊರಗೂ ಓಡಾಡುವ ನಾನು ಈಗ ಟಿಕೆಟ್ ಕೊಳ್ಳುವಾಗ ಮೊದಲು ನೆನಪಿಸಿಕೊಳ್ಳುವುದು ಈ ವ್ಯತ್ಯಾಸವನ್ನೇ. ಸೀಟಿನ ಅಗಲ, ಊಟದ ರುಚಿ ಆಮೇಲಿನ ಮಾತು.

ಇದನ್ನು ನನಗೆ ಕಲಿಸಿದ್ದು ಒಂದು ಜುಲೈ ತಿಂಗಳ ಸಂಜೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. ಮಾರನೆಯ ದಿನ ಮನೆಯಲ್ಲಿ ಅಪ್ಪನ ತಿಥಿ ಇದ್ದುದರಿಂದ ದುಬಾರಿಯಾದರೂ ಸರಿಯೆಂದು ಸಂಜೆ 7.10ರ ಮಂಗಳೂರು ವಿಮಾನಕ್ಕೆ ಟಿಕೆಟ್ ಮಾಡಿಸಿದ್ದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. 6.50 ಆದರೂ ಗೇಟಿನ ಮೇಲಿನ ಪರದೆಯಲ್ಲಿ ‘ಆನ್ ಟೈಮ್’ ಎಂದೇ ಇತ್ತು, ಗಾಜಿನಾಚೆ ಮಾತ್ರ ವಿಮಾನವೇ ಇರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಹುಡುಗನೊಬ್ಬ ವಿಮಾನಗಳ ಜಾಡು ತೋರಿಸುವ ಆ್ಯಪ್ ತೆರೆದು, ನಮ್ಮನ್ನು ಒಯ್ಯಬೇಕಾದ ವಿಮಾನ ಇನ್ನೂ ಪುಣೆಯಲ್ಲೇ ನಿಂತಿದೆ ಎಂದು ತೋರಿಸಿದ. ಕೌಂಟರಿನಲ್ಲಿ ಕೇಳಿದರೆ ‘ಇಪ್ಪತ್ತೈದು ನಿಮಿಷ ಸರ್’ ಎಂಬ ಉತ್ತರ ಬಂತು. ಇಪ್ಪತ್ತೈದು ನಿಮಿಷ ಕಳೆದ ಮೇಲೆ ಮತ್ತೆ ಇಪ್ಪತ್ತೈದು. ಪುಣೆಯಿಂದ ಬೆಂಗಳೂರಿಗೆ ಬರಲು ಒಂದೂವರೆ ಗಂಟೆ ಬೇಕೆಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೂ ಸಾಲಗಾರನು ಬಡ್ಡಿಗೆ ವಾಯಿದೆ ಹೇಳುವಂತೆ ಕಂತು ಕಂತಾಗಿ ಸಮಯ ಕೇಳುವುದು ನಿಲ್ಲಲಿಲ್ಲ. ಮಳೆಯ ನೆಪವನ್ನೂ ಹೇಳುವಂತಿರಲಿಲ್ಲ, ಏಕೆಂದರೆ ಈ ನಡುವೆಯೇ ಬೇರೊಂದು ಸಂಸ್ಥೆಯ ಮಂಗಳೂರು ವಿಮಾನ ನಮ್ಮ ಎದುರಿನ ಗೇಟಿನಿಂದ ಹೊರಟುಹೋಯಿತು.

ಕಂತಿನ ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾಡಿರುವ ನಿಯಮದ ಪ್ರಕಾರ ಎರಡೂವರೆ ಗಂಟೆಯೊಳಗೆ ಮುಗಿಯುವ ಹಾರಾಟವು ಎರಡು ಗಂಟೆ ಮೀರಿ ತಡವಾಗುವಂತಿದ್ದರೆ, ಕಾಯುತ್ತಿರುವವರಿಗೆ ತಿಂಡಿ, ಪಾನೀಯಗಳನ್ನು ಸಂಸ್ಥೆಯೇ ಒದಗಿಸಬೇಕು. ವಿಳಂಬ ಆರು ಗಂಟೆ ಮೀರುವಂತಿದ್ದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಪ್ರಯಾಣಿಕನಿಗೆ ಸಿಗಬೇಕು. ಒಮ್ಮೆಲೇ ‘ನಾಲ್ಕೂವರೆ ಗಂಟೆ ತಡ’ ಎಂದು ಪ್ರಕಟಿಸಿದರೆ ಮೊದಲ ನಿಯಮಕ್ಕೆ ಅಲ್ಲಿಯೇ ಜೀವ ಬರುತ್ತದೆ. ಇಪ್ಪತ್ತೈದು ನಿಮಿಷಗಳಂತೆ ಹೇಳುತ್ತ ಹೋದರೆ ಅದು ನಿದ್ದೆಯಲ್ಲಿಯೇ ಇರುತ್ತದೆ. ಒಂಬತ್ತೂವರೆಯ ಹೊತ್ತಿಗೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಮ್ಮ ಮೊಬೈಲಿನಲ್ಲಿ ಆ ನಿಯಮವನ್ನು ತೆರೆದು ಗಟ್ಟಿಯಾಗಿ ಓದಿದ ನಂತರವೇ ಕೂಪನ್‌ಗಳು ಹೊರಬಂದವು. ಆ ಕೂಪನ್ ನಡೆಯುತ್ತಿದ್ದುದು ಒಂದೇ ಒಂದು ಅಂಗಡಿಯಲ್ಲಿ. ಅಲ್ಲಿ ಸರದಿ ಬರುವಷ್ಟರಲ್ಲಿ ಉಳಿದಿದ್ದದ್ದು ತಣ್ಣಗಿನ ಸ್ಯಾಂಡ್‌ವಿಚ್ ಮತ್ತು ಮಾವಿನ ಹಣ್ಣಿನ ರಸದ ಪೊಟ್ಟಣ.

ನಾವು ಹೊರಟದ್ದು 11.55ಕ್ಕೆ. ಹಸಿವಿಗಿಂತ ನನ್ನನ್ನು ಕಾಡಿದ್ದು ಬೇರೆ: ಏಳು ಗಂಟೆಗೇ ನಿಜ ಹೇಳಿದ್ದರೆ ಮಡಿಕೇರಿ–ಸುಳ್ಯದ ಮೇಲೆ ಹೋಗುವ ರಾತ್ರಿ ಬಸ್ ಹಿಡಿದು ಬೆಳಗಾಗುವಷ್ಟರಲ್ಲಿ ಪುತ್ತೂರಿನಲ್ಲಿ ಇಳಿಯಬಹುದಿತ್ತು, ಅದೂ ನಿದ್ದೆ ಮಾಡಿಕೊಂಡು. ಕೌಂಟರಿನಲ್ಲಿದ್ದ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ಅವಳ ಮುಂದಿದ್ದ ಪರದೆಯಲ್ಲಿ ಕಂಡಷ್ಟನ್ನು ಅವಳು ಹೇಳಿದಳು, ಬೈಗುಳ ತಿಂದವಳೂ ಅವಳೇ. ನಿರ್ಧಾರ ತೆಗೆದುಕೊಂಡವರು ಗೇಟಿನ ಹತ್ತಿರ ಸುಳಿಯಲೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಅನುಭವ ಆಗಿದ್ದು ವಿಸ್ತಾರಾದಲ್ಲಿ, 2018ರ ಜನವರಿಯಲ್ಲಿ. ದೆಹಲಿಯಿಂದ ಬೆಂಗಳೂರಿಗೆ ಬರುವಾಗ ದೇವನಹಳ್ಳಿಯಲ್ಲಿ ದಟ್ಟ ಮಂಜು. ಕ್ಯಾಪ್ಟನ್ ತಾವೇ ಮೈಕ್ ಹಿಡಿದು, ಇನ್ನು ನಲವತ್ತು ನಿಮಿಷ ಆಕಾಶದಲ್ಲಿ ಸುತ್ತುವಷ್ಟು ಇಂಧನವಿದೆ, ಅಷ್ಟರಲ್ಲಿ ಮಂಜು ತಿಳಿಯಾಗದಿದ್ದರೆ ಚೆನ್ನೈಗೆ ಹೋಗುತ್ತೇವೆ, ಅಲ್ಲಿ ಇಂಧನ ತುಂಬಿಸಲು ಸಾಲು ಇರುವ ಸಂಭವವಿದೆ ಎಂದು ಬಿಡಿಸಿ ಹೇಳಿದರು. ಅವರು ಹೇಳಿದಂತೆಯೇ ಆಯಿತು. ಚೆನ್ನೈಯಲ್ಲಿ ವಿಮಾನದೊಳಗೇ ಕೂತಿದ್ದಾಗ ಇಪ್ಪತ್ತು ನಿಮಿಷಕ್ಕೊಮ್ಮೆ ಅವರ ಧ್ವನಿ ಕೇಳುತ್ತಿತ್ತು. ಒಮ್ಮೆಯಂತೂ ‘ಹೊಸ ಸುದ್ದಿ ಏನೂ ಇಲ್ಲ, ಆದರೂ ನಿಮಗೆ ತಿಳಿಸಬೇಕೆನಿಸಿತು’ ಎಂದರು. ಮೂರೂವರೆ ಗಂಟೆ ತಡವಾಗಿ ಇಳಿದೆವು, ಇಳಿಯುವಾಗ ಹಲವರು ಅವರಿಗೆ ಕೈ ಮುಗಿದರು. ಟಾಟಾ ಮತ್ತು ಸಿಂಗಪುರ್ ಏರ್‌ಲೈನ್ಸ್ ಸೇರಿ ಕಟ್ಟಿದ್ದ ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಯಿತು. ನಮ್ಮಲ್ಲಿ ವಿಮಾನ ಸಂಸ್ಥೆಯನ್ನು ಹಚ್ಚಿಕೊಳ್ಳುವುದೇ ಅಪಾಯವೆಂದು ಕಾಣುತ್ತದೆ: ಕಿಂಗ್‌ಫಿಷರ್ 2012ರಲ್ಲಿ ನೆಲಕ್ಕಿಳಿಯಿತು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ.

ಹಾಗೆ ಸೋಸಿ ಉಳಿದಿರುವ ಇಂಡಿಗೊವನ್ನು ಬಿಟ್ಟು ಈಗ ದೇಶದೊಳಗೆ ಓಡಾಡುವುದೇ ಕಷ್ಟ. ಅದರ ಬಗ್ಗೆ ನನ್ನದು ಇಬ್ಬಗೆಯ ಅಭಿಪ್ರಾಯ. ಮೊಣಕಾಲು ನೋವಿನ ಅಮ್ಮನನ್ನು ಕರೆದುಕೊಂಡು ಹೋಗುವಾಗ ಮೆಟ್ಟಿಲುಗಳ ಬದಲು ಅದು ಹಾಕುವ ಇಳಿಜಾರು ಹಾದಿ ನನಗೆ ದೇವರು ಕೊಟ್ಟಂತೆ ಕಂಡಿದೆ; ಗಾಲಿಕುರ್ಚಿಯನ್ನು ಒಂದು ಸಲವೂ ಎತ್ತದೆ ವಿಮಾನದ ಬಾಗಿಲವರೆಗೆ ತಳ್ಳಿಕೊಂಡು ಹೋಗಬಹುದು. ಅದೇ ಸಂಸ್ಥೆಯ ಸಣ್ಣ ಎಟಿಆರ್ ವಿಮಾನದಲ್ಲಾದರೆ ಬಾಗಿಲಿನೊಡನೆಯೇ ಬಿಚ್ಚಿಕೊಳ್ಳುವ ಕಿರಿದಾದ ಮೆಟ್ಟಿಲುಗಳಿರುತ್ತವೆ, ಆದುದರಿಂದ ಟಿಕೆಟ್ ಕೊಳ್ಳುವಾಗ ವಿಮಾನದ ಮಾದರಿಯನ್ನು ಕಡ್ಡಾಯವಾಗಿ ನೋಡುತ್ತೇನೆ. ಇನ್ನೊಂದು ಕಡೆ, 2025ರ ಡಿಸೆಂಬರ್ ಮೊದಲ ವಾರದಲ್ಲಿ ಅದರ ಸಾವಿರಾರು ಹಾರಾಟಗಳು ರದ್ದಾಗಿ ದೇಶದ ವಿಮಾನ ನಿಲ್ದಾಣಗಳೆಲ್ಲ ಸೂಟ್‌ಕೇಸ್‌ಗಳ ಸಂತೆಯಾದದ್ದು ಮಂಜಿನಿಂದಲ್ಲ, ಹೊಸ ವಿಶ್ರಾಂತಿ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳಿಲ್ಲದೆ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ ರಾತ್ರಿಯ ಇಳಿತಗಳನ್ನು ಕಡಿತಗೊಳಿಸಿದ ನಿಯಮವನ್ನು 2024ರ ಜನವರಿಯಲ್ಲಿಯೇ ಪ್ರಕಟಿಸಲಾಗಿತ್ತು. ಅದರ ಕೊನೆಯ ಹಂತ 2025ರ ನವೆಂಬರ್ 1ರಂದು ಜಾರಿಗೆ ಬಂತು. ಸಿದ್ಧವಾಗಲು ಅಷ್ಟು ಕಾಲವಿದ್ದ ಸಂಸ್ಥೆ, ಜನ ಗೇಟಿಗೆ ಬಂದು ನಿಂತ ಮೇಲೆ ವಿಮಾನ ರದ್ದು ಎಂದು ಹೇಳಿದರೆ, ಅದು ನನ್ನ ಆ ಜುಲೈ ರಾತ್ರಿಯ ಇಪ್ಪತ್ತೈದು ನಿಮಿಷದ ಆಟದ್ದೇ ದೊಡ್ಡ ರೂಪ.

ಸಣ್ಣ ಸಂಸ್ಥೆಗಳ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ ಎಂದು ಒಪ್ಪಿಕೊಳ್ಳುತ್ತೇನೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರುಮಾಡಿದ ಏರ್ ಡೆಕ್ಕನ್‌ನಲ್ಲಿ ಮೊದಲ ಸಲ ಹಾರಿದವನು ನಾನು. ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಸೀಟಿನ ಸಂಖ್ಯೆಯೇ ಇಲ್ಲದ ಬೋರ್ಡಿಂಗ್ ಪಾಸ್ ಹಿಡಿದು, ಕೆಂಪು ಬಸ್ಸಿಗೆ ಟವೆಲ್ ಹಾಕಲು ಓಡುವವರಂತೆ ಕಿಟಕಿಯ ಸೀಟಿಗಾಗಿ ಎಲ್ಲರೂ ಓಡಿದ್ದು ಇನ್ನೂ ಕಣ್ಣ ಮುಂದಿದೆ. ಆ ಸರಳತೆಯ ಒಂದಿಷ್ಟು ಅಂಶವನ್ನು ಮತ್ತೆ ಕಂಡಿದ್ದು ಸ್ಟಾರ್ ಏರ್‌ನಲ್ಲಿ ಕಲಬುರಗಿಗೆ ಹೋದಾಗ. 2019ರ ನವೆಂಬರ್ 22ರಂದು ಕಲಬುರಗಿ ನಿಲ್ದಾಣ ಆರಂಭವಾದಾಗ ಅಲ್ಲಿಗೆ ಹಾರಿದ್ದು ಇದೇ ಸಂಸ್ಥೆ. ನಾನು ಹೋದ ಎಂಬ್ರೇಯರ್ 145ರಲ್ಲಿ ಐವತ್ತೇ ಸೀಟುಗಳು, ಒಂದು ಬದಿಗೆ ಒಂದು, ಇನ್ನೊಂದು ಬದಿಗೆ ಎರಡು. ನಡುವಿನ ಸೀಟಿನ ಸಂಕಟವೇ ಇಲ್ಲ. ಮೇಲಿನ ಗೂಡು ಕಿರಿದಾದ್ದರಿಂದ ಟ್ರಾಲಿ ಚೀಲವನ್ನು ವಿಮಾನದ ಬುಡದಲ್ಲಿಯೇ ತೆಗೆದುಕೊಂಡು ಇಳಿದ ಕೂಡಲೇ ಅಲ್ಲಿಯೇ ಕೊಟ್ಟರು. ರಾತ್ರಿಯೆಲ್ಲ ರೈಲಿನಲ್ಲಿ ಹೋಗಬೇಕಾದ ಊರು ಒಂದು ಗಂಟೆಯ ಚಿಲ್ಲರೆಯಲ್ಲಿ ಬಂತು. ಇಂಥ ಸಂಸ್ಥೆಗಳ ದೌರ್ಬಲ್ಯವೂ ಸ್ಪಷ್ಟವಾದದ್ದೇ: ಇರುವುದೇ ಬೆರಳೆಣಿಕೆಯ ವಿಮಾನಗಳು, ಒಂದು ಕೆಟ್ಟರೆ ಬದಲಿ ಇರುವುದಿಲ್ಲ. ಆದ್ದರಿಂದ ಮಾರನೆಯ ದಿನ ತಪ್ಪಿಸಲಾಗದ ಕೆಲಸವಿದ್ದಾಗ ನಾನು ಇವುಗಳನ್ನು ನೆಚ್ಚುವುದಿಲ್ಲ.

ಲಗೇಜಿನ ವಿಷಯದಲ್ಲಿ ನನಗೆ ಒಂದೇ ಕಹಿ ಅನುಭವ, ಆದರೆ ಅದು ಸಾಕಷ್ಟು ಪಾಠ ಕಲಿಸಿತು. ದುಬೈಯಿಂದ ಮಂಗಳೂರಿಗೆ ಬಂದಾಗ ಬೆಲ್ಟ್ ಖಾಲಿಯಾಗಿ ನಿಂತರೂ ನನ್ನ ಪೆಟ್ಟಿಗೆ ಬರಲಿಲ್ಲ. ಹೊರಗೆ ಹೋಗುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಬರೆಸಿ ಅದರ ಪ್ರತಿ ಪಡೆಯಬೇಕು. ಅದಿಲ್ಲದೆ ಮನೆಗೆ ಹೋದರೆ ಪೆಟ್ಟಿಗೆ ಕಳೆದದ್ದನ್ನು ಸಾಬೀತುಪಡಿಸುವುದೇ ಕಷ್ಟ. ಮೂರನೆಯ ದಿನ ಪೆಟ್ಟಿಗೆ ಮನೆಗೆ ಬಂತು, ಒಂದು ಚಕ್ರ ಕಿತ್ತುಹೋಗಿತ್ತು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಇಂಥ ಹಾನಿಯ ದೂರನ್ನು ಏಳು ದಿನದೊಳಗೆ ಲಿಖಿತವಾಗಿ ಕೊಡಬೇಕೆಂದು ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ನಾನು ಪೆಟ್ಟಿಗೆ ಬಂದ ಮರುದಿನವೇ ಫೋಟೊ ಸಹಿತ ಬರೆದೆ. ‘ಚಕ್ರ, ಹಿಡಿಕೆಗಳು ಸಾಮಾನ್ಯ ಸವೆತಕ್ಕೆ ಸೇರಿದವು’ ಎಂಬ ಎರಡು ಸಾಲಿನ ಉತ್ತರ ಬರಲು ಆರು ವಾರ ಹಿಡಿಯಿತು. ಚಕ್ರ ಸವೆದಿರಲಿಲ್ಲ, ಬುಡಸಮೇತ ಹೋಗಿತ್ತು.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ವಿದೇಶಿ ಸಂಸ್ಥೆಗಳಲ್ಲಿ ಬರೀ ‘ವೆಜಿಟೇರಿಯನ್’ ಎಂದಿರುವುದನ್ನು ಒತ್ತಿದರೆ ಅನೇಕ ವೇಳೆ ಹಾಲು ಮೊಸರೂ ಇಲ್ಲದ ವೀಗನ್ ಊಟ ಬರುತ್ತದೆ, ಅಂದರೆ ಬೇಯಿಸಿದ ಕೋಸು ಮತ್ತು ಕ್ಯಾರೆಟ್. ‘ಏಷ್ಯನ್ ವೆಜಿಟೇರಿಯನ್’ ಅಥವಾ ಎವಿಎಂಎಲ್ ಎಂಬುದನ್ನು ಮುಂಚಿತವಾಗಿ ಆರಿಸಿದರೆ ಅನ್ನ, ಪಲ್ಯ, ಬೇಳೆ ಸಿಗುತ್ತದೆ. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ನಾನು ಹೀಗೆ ಮಾಡಿದಾಗ ಊಟ ಬಿಸಿಯಾಗಿಯೂ ಉಳಿದವರಿಗಿಂತ ಮೊದಲೂ ಬಂತು. ಪಕ್ಕದವರು ಅರ್ಧ ಗಂಟೆ ನನ್ನ ತಟ್ಟೆಯನ್ನೇ ನೋಡುತ್ತಿದ್ದುದು ಮಾತ್ರ ಮುಜುಗರದ ಸಂಗತಿ. ದೇಶದೊಳಗಿನ ಹಾರಾಟಗಳಲ್ಲಿ ಬಿಸಿನೀರು ಹೊಯ್ದು ಎಂಟು ನಿಮಿಷ ಮುಚ್ಚಿಡುವ ಉಪ್ಪಿಟ್ಟಿನ ಲೋಟದ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಮನೆಯಿಂದ ಪುಳಿಯೋಗರೆ ಕಟ್ಟಿಕೊಂಡು ಹೋಗಿ.

ಮುಂದಿನ ತಿಂಗಳು ಅಮ್ಮ ಬೆಂಗಳೂರಿಗೆ ಬರುವವರಿದ್ದಾರೆ. ಗಾಲಿಕುರ್ಚಿಯನ್ನು ಟಿಕೆಟ್ ಜತೆಗೇ ಕೇಳಿದ್ದೇನೆ. ವಿಮಾನ ಹಿಂದಿನ ರಾತ್ರಿಯೇ ಮಂಗಳೂರಿಗೆ ಬಂದು ತಂಗಿರುವಂಥ, ಮುಂಜಾನೆಯ ಮೊದಲ ಹಾರಾಟವನ್ನೇ ಆರಿಸಿದ್ದೇನೆ, ಪುಣೆಯಿಂದ ಯಾವುದನ್ನೂ ಕಾಯಬೇಕಾಗಿಲ್ಲ. ಕಳೆದ ಬಾರಿ ಅವರ ಚೀಲದಿಂದ ಎರಡು ಕಿಲೋ ಕೊಬ್ಬರಿಯನ್ನು ತೆಗೆಸಿಬಿಟ್ಟಿದ್ದರು, ಎಣ್ಣೆಯಂಶದಿಂದ ತಾನಾಗಿ ಕಾದು ಹೊತ್ತಿಕೊಳ್ಳಬಲ್ಲ ವಸ್ತುವೆಂದು ಅದಕ್ಕೆ ವಿಮಾನದಲ್ಲಿ ನಿಷೇಧವಿದೆ. ಅಮ್ಮನಿಗೆ ಇದು ಈಗಲೂ ನಂಬಿಕೆಯಾಗಿಲ್ಲ. ಈ ಸಲ ಕೊಬ್ಬರಿ ಬಸ್ಸಿನಲ್ಲಿ ಬರುತ್ತದೆ.